ಗಾಜಿನ ತೊಟ್ಟಿಯಲ್ಲಿ ಕೆಂಪು ರೊಟಾಲಾ ಬೆಳೆಸುವುದು ಹೇಗೆ?

ಚಿಕ್ಕಮಗಳೂರಿನ ತಂಪು ಹವೆ ಅಕ್ವೇರಿಯಂ ಸಸ್ಯಗಳಿಗೆ ದೊಡ್ಡ ಅನುಕೂಲ. ಸುಲಭದ ಗಿಡಗಳನ್ನು ಬೆಳೆಸಿ ಪಳಗಿದವರು ದಕ್ಷಿಣ ಭಾರತದ್ದೇ ಆದ ರೊಟಾಲಾ ಮ್ಯಾಕ್ರಾಂಡ್ರಾವನ್ನು ಇಲ್ಲಿ ಧೈರ್ಯವಾಗಿ ನೆಡಬಹುದು. ಗುಲಾಬಿಯಿಂದ ಕಡುಗೆಂಪಿಗೆ ತಿರುಗುವ ತೆಳುವಾದ ಎಲೆಗಳ ಈ ಗಿಡ ಬೆಳಕು ಸಾಲದೆ ಸಾಯುವುದಕ್ಕಿಂತ ನೀರಿನ ಏರುಪೇರಿನಿಂದ ಸಾಯುವುದೇ ಹೆಚ್ಚೆಂದು ನಾನು ನಂಬಿದ್ದೇನೆ. ಆದ್ದರಿಂದ ಸಿದ್ಧತೆ ನೀರಿನಿಂದಲೇ ಆರಂಭವಾಗಬೇಕು.

ಕೊಳವೆಬಾವಿಯ ನೀರು ಗಡಸಾಗಿದ್ದರೆ ಮಳೆನೀರನ್ನು ಬೆರೆಸಿ ಮೆದುಗೊಳಿಸಬೇಕು. ಮೊದಲ ಕೆಲವು ಮಳೆಗಳ ನೀರನ್ನು ಹರಿಯಲು ಬಿಟ್ಟು, ಆನಂತರದ್ದನ್ನು ಹೆಂಚಿನ ಮಾಡಿನಿಂದ ಪ್ಲಾಸ್ಟಿಕ್ ಡ್ರಮ್ಮಿಗೆ ಹಿಡಿಯುವುದು ಒಳ್ಳೆಯದು. ಸಿಮೆಂಟಿನ ತೊಟ್ಟಿಯಲ್ಲಿ ನಿಂತ ಮಳೆನೀರು ಸುಣ್ಣದ ಅಂಶವನ್ನು ಹೀರಿ ಮತ್ತೆ ಗಡಸಾಗುತ್ತದೆ. ಬರೀ ಮಳೆನೀರನ್ನೇ ತುಂಬುವುದೂ ಸಲ್ಲದು, ಏಕೆಂದರೆ ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿ ಇರುವುದಿಲ್ಲವೆನ್ನುವಷ್ಟು ಕಡಿಮೆ. ಕಾಫಿ ತೋಟದ ಕೆರೆಯ ನೀರನ್ನಂತೂ ತರಲೇಬಾರದು: ಕೊಳೆರೋಗಕ್ಕೂ ಎಲೆ ತುಕ್ಕಿಗೂ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿರುತ್ತದೆ, ಅದರ ತಾಮ್ರ ಸ್ವಲ್ಪವೇ ಸೇರಿದರೂ ತೊಟ್ಟಿಯ ಸಿಗಡಿಗಳು ಸಾಯುತ್ತವೆ.

ತಳಕ್ಕೆ 5ರಿಂದ 7 ಸೆಂಟಿಮೀಟರ್ ದಪ್ಪಕ್ಕೆ ಅಕ್ವಾ ಸಾಯಿಲ್ (ಅಕ್ವೇರಿಯಂ ಗಿಡಗಳಿಗೆಂದೇ ಮಾರುವ, ಪೋಷಕಾಂಶವಿರುವ ಮಣ್ಣಿನ ಹರಳು) ಹಾಸಬೇಕು. ಹೊಸ ಸಾಯಿಲ್ ಮೊದಲ ವಾರಗಳಲ್ಲಿ ಅಮೋನಿಯಾ ಬಿಡುವುದರಿಂದ ಆಗಾಗ ನೀರು ಬದಲಿಸುತ್ತಿರಬೇಕು. ಪರೀಕ್ಷೆಯಲ್ಲಿ ಅಮೋನಿಯಾವಾಗಲಿ ನೈಟ್ರೈಟ್ ಆಗಲಿ ಕಾಣದಂತಾಗುವವರೆಗೆ ಮೀನು ಬಿಡಬಾರದು.

ನೆಡುವಾಗ ಅವಸರ ಕೂಡದು. ಕಟ್ಟು ಬಿಚ್ಚಿ, ಬುಡದ ಎಲೆಗಳನ್ನು ತೆಗೆದು, ಒಂದೊಂದೇ ಕಾಂಡವನ್ನು ಚಿಮುಟದಲ್ಲಿ ಹಗುರವಾಗಿ ಹಿಡಿದು, ಕೆಳಗಿನ ಎಲೆಗಳಿಗೂ ಬೆಳಕು ತಾಗುವಷ್ಟು ಅಂತರ ಬಿಟ್ಟು ಊರಬೇಕು. ಈ ಕಾಂಡ ಬಹಳ ಎಳಸು. ಚಿಮುಟ ಬಿಗಿಯಾದರೆ ನಲುಗಿದ ಜಾಗ ಗಾಜಿನಂತೆ ಪಾರದರ್ಶಕವಾಗಿ, ಕೊಳೆತು, ಮೇಲಿನ ಭಾಗ ಕಳಚಿ ತೇಲುತ್ತದೆ. ನರ್ಸರಿಯಲ್ಲಿ ನೀರಿನ ಹೊರಗೆ ಬೆಳೆದ ಗಿಡವಾದರೆ ಹಳೆಯ ಎಲೆಗಳು ಉದುರುವುದು ಸಹಜ, ತುದಿಯ ಹೊಸ ಚಿಗುರನ್ನಷ್ಟೇ ಗಮನಿಸಿದರೆ ಸಾಕು.

ಇಂಗಾಲದ ಡೈಆಕ್ಸೈಡ್ ಇಲ್ಲದೆ ಈ ಗಿಡ ಚೆನ್ನಾಗಿ ಬೆಳೆಯುವುದು ಅಪರೂಪ. ದೀಪ ಹೊತ್ತಿಸುವ ಒಂದೆರಡು ಗಂಟೆ ಮೊದಲೇ ಅನಿಲ ಬಿಡಬೇಕು. ನೀರಿನಲ್ಲಿರುವ ಈ ಅನಿಲದ ಪ್ರಮಾಣವನ್ನು ಬಣ್ಣದಿಂದ ತೋರಿಸುವ ಪುಟ್ಟ ಉಪಕರಣವಾದ ಡ್ರಾಪ್ ಚೆಕರ್‌ನ ದ್ರಾವಣ ಹಸಿರಾಗಿದ್ದರೆ ಪ್ರಮಾಣ ಸುಮಾರು 30 ಪಿಪಿಎಂ (ಹತ್ತು ಲಕ್ಷದಲ್ಲಿ 30 ಭಾಗ) ಇದೆ ಎಂದರ್ಥ. ಹಳದಿಗೆ ತಿರುಗಿ, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ತಕ್ಷಣ ಅನಿಲ ನಿಲ್ಲಿಸಿ ಗಾಳಿಯ ಪಂಪ್ ಹಾಕಬೇಕು. ಮಳೆಗಾಲದಲ್ಲಿ ಕರೆಂಟು ಹೋದಷ್ಟು ಹೊತ್ತು ಸಾದಾ ಟೈಮರ್ ನಿಂತು, ದಿನದಿನಕ್ಕೂ ವೇಳೆ ಹಿಂದೆ ಬೀಳುವುದರಿಂದ, ಒಳಗೆ ಬ್ಯಾಟರಿಯಿರುವ ಟೈಮರನ್ನೇ ಕೊಳ್ಳುವುದು ಲೇಸು.

ಬೆಳಕು ಮೊದಲಿಗೆ ದಿನಕ್ಕೆ 6 ಗಂಟೆ ಸಾಕು. ಪಾಚಿ ಕಟ್ಟದಿದ್ದರೆ ಕ್ರಮೇಣ 8ಕ್ಕೆ ಏರಿಸಬಹುದು. ಪೊಟ್ಯಾಸಿಯಂ ಮತ್ತು ಕಬ್ಬಿಣದ ಗೊಬ್ಬರವನ್ನು ಒಮ್ಮೆಲೇ ಸುರಿಯದೆ ಸ್ವಲ್ಪಸ್ವಲ್ಪವಾಗಿ ಕೊಡಬೇಕು.

ತುದಿ ನೀರಿನ ಮೇಲ್ಮೈ ಮುಟ್ಟಿದಾಗ ಹರಿತವಾದ ಕತ್ತರಿಯಿಂದ ಮೇಲಿನ ಅರ್ಧವನ್ನು ಕತ್ತರಿಸಿ ಪಕ್ಕದಲ್ಲೇ ನೆಡಬೇಕು. ಉಳಿದ ಬುಡ ಸೊರಗದಿದ್ದರೆ ಅದರ ಗೆಣ್ಣುಗಳಿಂದಲೂ ಕವಲು ಒಡೆಯುತ್ತದೆ.