ಮಾತಿಗೆ ಸಿಗದ ದೇವರ ಬಗ್ಗೆ ಮಾತಾಡುವುದು ಹೇಗೆ

ಭಜನೆಯ ಕೊನೆಗೆ 'ದೇವರ ಬಗ್ಗೆ ನಾಲ್ಕು ಮಾತು ಹೇಳಿ' ಎಂದಾಗ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ದೇವರು ಮನಸ್ಸಿಗೆ ನಿಲುಕದವನು ಎಂದು ಶುರುಮಾಡಿ, ಮರುವಾಕ್ಯದಲ್ಲೇ ಅವನ ಲೆಕ್ಕಾಚಾರವನ್ನೆಲ್ಲ ಬಿಡಿಸಿಡುತ್ತಾರೆ.

ಮಾತುಗಳು ಮನಸ್ಸಿನೊಡನೆ ಬ್ರಹ್ಮವನ್ನು ಮುಟ್ಟಲಾರದೆ ಹಿಂದಿರುಗುತ್ತವೆ ಎಂದು ತೈತ್ತಿರೀಯ ಉಪನಿಷತ್ತು ಹೇಳುವುದು ನಿಜ. ಆದರೆ ಅದಕ್ಕೂ ಮೊದಲೇ 'ಸತ್ಯಂ ಜ್ಞಾನಮನಂತಂ' ಎಂಬ ಮೂರು ಪದಗಳನ್ನು ಅದೇ ಕೊಟ್ಟಿದೆ. ನೀವೂ ಮೊದಲು ಹೇಳಿ, ಆಮೇಲೆ ಹೇಳಿದ್ದರಲ್ಲಿ ಹೆಚ್ಚಾದದ್ದನ್ನು ಸವರಿ ತೆಗೆಯಿರಿ. ಶಂಕರರ ಹಾದಿಯ ಅದ್ವೈತಿಗಳು ಇದನ್ನು ಅಧ್ಯಾರೋಪ-ಅಪವಾದ, ಅಂದರೆ ಮೊದಲು ಆರೋಪಿಸಿ ಆಮೇಲೆ ತೆಗೆದುಹಾಕುವುದು, ಎನ್ನುತ್ತಾರೆ. 'ದೇವರು ಜಗತ್ತಿನ ಒಡೆಯ' ಎಂದಿರೋ, ಕೂಡಲೇ 'ತೋಟದ ಒಡೆಯನಂತೆ ಬೇಲಿಯಾಚೆ ನಿಂತವನಲ್ಲ, ಫಸಲಿನ ಆಸೆ ಇದ್ದವನೂ ಅಲ್ಲ' ಎಂದು ಸೇರಿಸಿ. ಸವರದೆ ಬಿಟ್ಟರೆ ದೇವರು ದೊಡ್ಡ ಜಮೀನ್ದಾರನಾಗುತ್ತಾನೆ. ಬರೀ ಸವರುತ್ತಲೇ ಹೋದರೆ ಕೇಳುವವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬೃಹದಾರಣ್ಯಕ ಉಪನಿಷತ್ತಿನ 'ನೇತಿ ನೇತಿ' (ಹೀಗಲ್ಲ, ಹೀಗಲ್ಲ) ಕೂಡ ಬರಿಗೈಯಲ್ಲಿ ಕಳಿಸುವುದಿಲ್ಲ. ಮೂರ್ತ, ಅಮೂರ್ತ ಎಂಬ ಎರಡು ರೂಪಗಳನ್ನು ವಿವರಿಸಿದ ಮೇಲೆ ಅದು ಬರುತ್ತದೆ, ಬೆನ್ನಿಗೇ 'ಸತ್ಯದ ಸತ್ಯ' ಎಂಬ ಹೆಸರನ್ನೂ ಕೊಡುತ್ತದೆ.

ಹೋಲಿಕೆ ಬಳಸುವಾಗ ಅರುಂಧತೀ ನ್ಯಾಯ ನೆನಪಿರಲಿ. ಮಂಕಾದ ಅರುಂಧತಿಯನ್ನು ತೋರಿಸಲು ಮೊದಲು ಪಕ್ಕದ ಹೊಳೆಯುವ ನಕ್ಷತ್ರಕ್ಕೆ ಬೆರಳು ಮಾಡುತ್ತಾರೆ, ಕಣ್ಣು ಅಲ್ಲಿ ನಿಂತ ಮೇಲೆ 'ಇದಲ್ಲ, ಇದರ ಬಳಿಯದು' ಎನ್ನುತ್ತಾರೆ. ತಾಯಿ, ಬೆಳಕು, ಕಡಲು ಎಲ್ಲವೂ ಆ ಮೊದಲ ನಕ್ಷತ್ರವೇ. ಯಾವ ಅಂಶದಲ್ಲಿ ಹೋಲಿಕೆ, ಎಲ್ಲಿ ಮುರಿಯುತ್ತದೆ ಎಂಬೆರಡನ್ನೂ ಹೇಳಿ. ಒಂದು ಮಾತುಕತೆಗೆ ಒಂದು ಹೋಲಿಕೆ ಸಾಕು. ಮೂರಾದರೆ ಜನ ಹೋಲಿಕೆಯನ್ನಷ್ಟೇ ಮನೆಗೊಯ್ಯುತ್ತಾರೆ.

ಎದುರಿಗೆ ಕೂತವರು ಯಾರೆಂದು ತಿಳಿದಿರಬೇಕು. 'ನಿರ್ಗುಣ' ಎಂದರೆ ಅದ್ವೈತಿಗಳಿಗೆ ಯಾವ ಗುಣವೂ ಇಲ್ಲದ್ದು. ರಾಮಾನುಜರ ಹಾದಿಯವರಿಗೆ ಹೀನಗುಣಗಳಿಲ್ಲದವನು. ಮಾಧ್ವರಿಗೆ ಸತ್ತ್ವ, ರಜಸ್ಸು, ತಮಸ್ಸು ಎಂಬ ಪ್ರಕೃತಿಯ ಗುಣಗಳು ಸೋಕದ, ಆದರೆ ಒಳ್ಳೆಯ ಗುಣಗಳೆಲ್ಲ ತುಂಬಿದವನು. ಅರ್ಥ ಬಿಡಿಸದೆ ಈ ಪದ ಎಸೆದರೆ ಅರ್ಧ ಸಭೆ ಮುನಿಸಿಕೊಳ್ಳುತ್ತದೆ. ದೇವರು ಮಾತಿಗೆ ಸಿಗುವುದೇ ಇಲ್ಲ ಎಂಬುದನ್ನೂ ಮಧ್ವರು ಒಪ್ಪುವುದಿಲ್ಲ. ಮೇರುಪರ್ವತವನ್ನು ನೋಡಿದವರೂ ಅದನ್ನು ಪೂರ್ತಿ ನೋಡಿರುವುದಿಲ್ಲ, ಹಾಗೆಯೇ ದೇವರು ಮಾತಿಗೆ ಸಿಗುತ್ತಾನೆ, ಪೂರ್ತಿ ಸಿಗುವುದಿಲ್ಲ. ಮಕ್ಕಳಿಗೆ ವಿವರಿಸಲು ನಮಗೆ ಈ ಹೋಲಿಕೆಯಷ್ಟು ಸಲೀಸಾದದ್ದು ಕಂಡಿಲ್ಲ.

ವಿವರಣೆ ಸಿಕ್ಕುಸಿಕ್ಕಾದಾಗ 'ಅವನು' ಬಿಟ್ಟು 'ನೀನು' ಹಿಡಿಯಿರಿ. 'ಜಗದಗಲ ಮುಗಿಲಗಲ' ವಚನದಲ್ಲಿ ಬಸವಣ್ಣ ಮಾಡಿರುವುದು ಇದನ್ನೇ. ಅಳತೆಗೆ ಸಿಗದವನು ಅಂಗೈಗೆ ಬಂದು ಚುಳುಕಾದದ್ದು (ಪುಟ್ಟದಾದದ್ದು) ಹೇಗೆಂದು ವಾದಿಸುವುದಿಲ್ಲ, 'ಚುಳುಕಾದಿರಯ್ಯ' ಎಂದು ಅವನಿಗೇ ಹೇಳುತ್ತಾನೆ. ವಾದದಲ್ಲಿ ಕೂಡದ ಎರಡು ಮಾತು ಸಂಬೋಧನೆಯಲ್ಲಿ ಕೂಡುತ್ತವೆ.

ಸಾವಿನ ಮನೆಯಲ್ಲಿ ಮಾತ್ರ ಇದಾವುದೂ ಬೇಡ. 'ದೇವರು ಒಳ್ಳೆಯದಕ್ಕೇ ಮಾಡಿದ್ದಾನೆ' ಎಂದರೆ, ಯಾರಿಗೂ ತಿಳಿಯದವನ ಉದ್ದೇಶ ನಿಮಗೆ ತಿಳಿದುಬಿಟ್ಟಿತು ಎಂದಾಯಿತು. 'ಯಾಕೆಂದು ಗೊತ್ತಿಲ್ಲ' ಎಂದು ಹೇಳಿ, ಪಕ್ಕದಲ್ಲಿ ಕೂತಿರಿ.