ಅನ್‌ಲಿಮಿಟೆಡ್ ಲೀವ್ ಇರೋ ಕಂಪನಿಲಿ ನಿಜವಾಗ್ಲೂ ರಜೆ ತಗೊಳ್ಳೋದು ಹೇಗೆ

ಹಿಂದೆ ಕೆಲ್ಸ ಮಾಡ್ತಿದ್ದ ಕಂಪನಿಯ ಆಫರ್ ಲೆಟರ್‌ನಲ್ಲಿ ಲೀವ್ ಅನ್ನೋ ಕಡೆ ನಂಬರೇ ಇರ್ಲಿಲ್ಲ, ಅನ್‌ಲಿಮಿಟೆಡ್ ಅಂತ ಇತ್ತು ಅಷ್ಟೇ. ಖುಷಿಯಾಗಿ ಸೈನ್ ಮಾಡ್ದೆ. ವರ್ಷದ ಕೊನೇಲಿ ಕೂತು ಎಣಿಸಿದ್ರೆ ಒಟ್ಟು 9 ದಿನ ರಜೆ ಹಾಕಿದ್ದೆ, ಅದ್ರಲ್ಲೂ 3 ದಿನ ಜ್ವರ ಬಂದು ಮಲಗಿದ್ದು. ಅದಕ್ಕೂ ಮುಂಚೆ ಇದ್ದ ಕೆಲ್ಸದಲ್ಲಿ 22 ದಿನ ಸಿಗ್ತಿತ್ತು, ಎಲ್ಲಿ ಲ್ಯಾಪ್ಸ್ ಆಗಿಬಿಡತ್ತೋ ಅಂತ ವರ್ಷ ಮುಗಿಯೋದ್ರೊಳಗೆ ಒಂದೂ ಬಿಡ್ದೆ ತಗೋತಿದ್ದೆ. ಈ ಅನ್‌ಲಿಮಿಟೆಡ್ ಕಂಪನಿಲಿ ಯಾರೂ ರಜೆ ಇಲ್ಲ ಅಂದಿರ್ಲಿಲ್ಲ, ನಾನೇ ಕೇಳಿರ್ಲಿಲ್ಲ. ಲೆಕ್ಕ ಇದ್ದಾಗ ಅದು ನನ್ನ ರಜೆ ಅನ್ಸೋದು, ಲೆಕ್ಕ ಹೋದ್ಮೇಲೆ ಪ್ರತಿ ಸಲಾನೂ ಯಾರ ಹತ್ರಾನೋ ಏನೋ ಬೇಡ್ತಾ ಇದೀನಿ ಅನ್ನೋ ಮುಜುಗರ. ಅದಕ್ಕೇ ಇದನ್ನ ಬರೀತಿರೋದು, ಇನ್ನೊಬ್ರಿಗೆ ಹಂಗಾಗೋದು ಬೇಡ.

ಮೊದಲ್ನೇದಾಗಿ, ಸೈನ್ ಮಾಡೋಕ್ ಮುಂಚೆ ಎಚ್‌ಆರ್ ಹತ್ರ ಕೇಳಿ, ಪಾಲಿಸಿ ಹೆಂಗಿದೆ ಅಂತ ಅಲ್ಲ, ನಾನು ಸೇರೋ ಟೀಮ್‌ನವ್ರು ಹೋದ್ ವರ್ಷ ತಲಾ ಎಷ್ಟು ದಿನ ರಜೆ ತಗೊಂಡ್ರು ಅಂತ. ಅವ್ರಿಗೆ ಗೊತ್ತಿಲ್ಲ ಅಂದ್ರೆ ಯಾರೂ ಎಣಿಸ್ತಿಲ್ಲ ಅಂತ ಅರ್ಥ, ಆಗ ಸ್ವಲ್ಪ ಹುಷಾರಾಗಿರಿ. ಸಿಕ್ ಲೀವು, ಹೆರಿಗೆ ರಜೆ ಇದ್ರಲ್ಲೇ ಸೇರಿದ್ಯಾ, ಬೇರೆನಾ? ಅಪ್ರೂವ್ ಮಾಡೋದು ಯಾರು? ಕೆಲ್ಸ ಬಿಡುವಾಗ ದುಡ್ಡೇನಾದ್ರೂ ಬರತ್ತಾ?

ಈ ಕೊನೇ ಪ್ರಶ್ನೆ ತುಂಬಾ ಮುಖ್ಯ. ಮಾಮೂಲಿ ಪದ್ಧತಿಲಿ ಉಳಿದಿರೋ ರಜೆ ಅಂದ್ರೆ ಎಷ್ಟೋ ಕಡೆ ಕಂಪನಿ ಲೆಕ್ಕದಲ್ಲಿ ನಿಮಗೆ ಕೊಡಬೇಕಾದ ಬಾಕಿ. ಕ್ಯಾಲಿಫೋರ್ನಿಯಾದಲ್ಲಂತೂ ಗಳಿಸಿದ ರಜೆ ಸಂಬಳ ಇದ್ದಂಗೆ, ಕೆಲ್ಸ ಬಿಡುವಾಗ ಕೊಡಲೇಬೇಕು. ಅನ್‌ಲಿಮಿಟೆಡ್ ಅಂತ ಮಾಡಿದ್ರೆ ಸಾಮಾನ್ಯವಾಗಿ ರಜೆ ಜಮಾ ಆಗೋದೇ ಇಲ್ಲ, ಬಾಕೀನೂ ಇರಲ್ಲ. 2023ರಲ್ಲಿ ಮೈಕ್ರೋಸಾಫ್ಟ್ ಅಮೆರಿಕದ ಸಂಬಳದ ನೌಕರರಿಗೆ ಈ ಪದ್ಧತಿ ತಂದಾಗ ಹಳೇ ಬ್ಯಾಲೆನ್ಸ್‌ಗೆ ಒಂದ್ಸಲ ದುಡ್ಡು ಕೊಟ್ಟು ಚುಕ್ತಾ ಮಾಡ್ತು. ನಿಮ್ಮ ಕಂಪನಿ ಅರ್ಧದಲ್ಲಿ ಬದಲಾಯಿಸ್ತಾ ಇದ್ರೆ ಹಳೇ ಬ್ಯಾಲೆನ್ಸ್ ಏನಾಗತ್ತೆ ಅಂತ ಬರವಣಿಗೆಲಿ ಕೇಳಿ, ಸುಮ್ನೆ ಬಿಡಬೇಡಿ. 2014ರಲ್ಲಿ ಅಮೆರಿಕದ ಪತ್ರಿಕಾ ಕಂಪನಿ ಟ್ರಿಬ್ಯೂನ್ ಪಬ್ಲಿಷಿಂಗ್ ಅನ್‌ಲಿಮಿಟೆಡ್ ರಜೆ ಘೋಷಿಸ್ದಾಗ ನೌಕರರು ಜೋರಾಗಿ ವಿರೋಧ ಮಾಡಿ, ಕೆಲವೇ ದಿನದಲ್ಲಿ ಕಂಪನಿ ವಾಪಸ್ ತಗೋಬೇಕಾಯ್ತು. ಇನ್ನೊಂದು, ನಿಮ್ಮ ದೇಶದ ಕಾನೂನಲ್ಲಿ ಕನಿಷ್ಠ ರಜೆ ಅಂತ ಇದ್ರೆ ಪಾಲಿಸಿ ಹೆಸ್ರು ಏನೇ ಇರ್ಲಿ ಅದು ಹೋಗಲ್ಲ, ಯುರೋಪಿಯನ್ ಯೂನಿಯನ್‌ನಲ್ಲಿ ವರ್ಷಕ್ಕೆ ಕನಿಷ್ಠ 4 ವಾರ ಸಂಬಳ ಸಹಿತ ರಜೆ ಕೊಡಲೇಬೇಕು.

ಸೇರಿದ್ಮೇಲೆ ಮೊದಲ್ನೇ ಕೆಲ್ಸ, ನಿಮ್ದೇ ಒಂದು ನಂಬರ್ ಇಟ್ಕೊಳ್ಳಿ. ನಾನು 25 ಇಟ್ಕೊಂಡೆ. 2015ರಲ್ಲಿ ಕಿಕ್‌ಸ್ಟಾರ್ಟರ್ (ಹೊಸ ಯೋಜನೆಗಳಿಗೆ ಜನರಿಂದ ದುಡ್ಡು ಕೂಡಿಸೋ ವೆಬ್‌ಸೈಟ್) ಅನ್‌ಲಿಮಿಟೆಡ್ ಬಿಟ್ಟು ವರ್ಷಕ್ಕೆ 25 ದಿನ ಅಂತ ನಿಗದಿ ಮಾಡ್ತು, ಎಷ್ಟು ತಗೊಂಡ್ರೆ ಸರಿ ಅಂತ ಜನಕ್ಕೆ ಸ್ಪಷ್ಟ ಇರ್ಲಿಲ್ಲ ಅನ್ನೋ ಕಾರಣಕ್ಕೆ, ಆ ನಂಬರನ್ನೇ ನಾನೂ ಎತ್ಕೊಂಡೆ. ಒಂದು ಶೀಟ್ ಮಾಡಿ, ತಾರೀಖು, ಎಷ್ಟು ದಿನ, ಯಾಕೆ, ಯಾರು ಯಾವತ್ತು ಒಪ್ಪಿದ್ರು, ಇಷ್ಟೇ ಕಾಲಮ್ ಸಾಕು. ಕಂಪನಿ ಎಣಿಸಲ್ಲ ಅಂದ್ಮೇಲೆ ನೀವೇ ಎಣಿಸಬೇಕು. ವರ್ಷದ ಶುರುನಲ್ಲೇ ಎರಡು ವಾರದ್ದೊಂದು ದೊಡ್ಡ ರಜೆ ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಮಾಡ್ಬಿಡಿ, ಎಲ್ಲಿಗ್ ಹೋಗ್ತೀರಿ ಅನ್ನೋದು ಆಮೇಲೆ ನೋಡಿದ್ರಾಯ್ತು. ಬಿಡುವಾದಾಗ ತಗೊಳ್ಳೋಣ ಅಂದ್ಕೊಂಡ್ರೆ ಬಿಡುವು ಅನ್ನೋದು ಬರೋದೇ ಇಲ್ಲ, ಒಂದು ರಿಲೀಸ್ ಮುಗಿಯೋದ್ರೊಳಗೆ ಇನ್ನೊಂದು ಕೂತಿರತ್ತೆ.

ಮೇಲ್ ಬರೆಯೋದ್ರಲ್ಲೇ ಅರ್ಧ ಕೆಲ್ಸ ಆಗತ್ತೆ. ನಾನು ಮೊದ್ಲು "ತೊಂದ್ರೆ ಇಲ್ಲ ಅಂದ್ರೆ ಮುಂದಿನ್ ತಿಂಗ್ಳು ಎರಡ್ ಮೂರ್ ದಿನ ರಜೆ ತಗೋಬಹುದಾ" ಅಂತ ಬರೀತಿದ್ದೆ, ಅದಕ್ಕೆ "ನೋಡೋಣ" ಅಂತ ಉತ್ತರ ಬರ್ತಿತ್ತು, ಅಲ್ಲಿಗೆ ಮುಗೀತು. ಆಮೇಲೆ ಹಿಂಗೆ ಬರೆಯೋಕೆ ಶುರು ಮಾಡ್ದೆ: "ಮೇ 12ರಿಂದ 23ರವರೆಗೆ ನಾನು ರಜೆಲಿ ಇರ್ತೀನಿ. ರಿಪೋರ್ಟ್ ಕೆಲ್ಸ 9ನೇ ತಾರೀಖಿನ ಒಳಗೆ ಮುಗಿಸಿ ಕೊಡ್ತೀನಿ. ಅರ್ಜೆಂಟ್ ಇದ್ರೆ ನನ್ ಬದ್ಲು ಯಾರನ್ನ ಕೇಳ್ಬೇಕು ಅಂತ ಹ್ಯಾಂಡೋವರ್ ನೋಟ್‌ನಲ್ಲಿ ಬರ್ದಿದೀನಿ. ಈ ತಾರೀಖಿಗೆ ಏನಾದ್ರೂ ಅಡ್ಡಿ ಇದ್ರೆ ಈ ಶುಕ್ರವಾರದೊಳಗೆ ತಿಳಿಸಿ." ತಾರೀಖಿದೆ, ಏರ್ಪಾಡಿದೆ, ಉತ್ತರಕ್ಕೆ ಗಡುವಿದೆ. ಕಾರಣ ಬರೀಬೇಕಾಗಿಲ್ಲ. ಮ್ಯಾನೇಜರ್ ಆಗಲ್ಲ ಅಂದ್ರೆ ಯಾಕೆ ಅಂತ ವಾದಕ್ಕಿಳೀಬೇಡಿ, ಹಾಗಾದ್ರೆ ಯಾವಾಗ ಅಂತ ತಾರೀಖು ಕೇಳಿ ಅದನ್ನೂ ಶೀಟಿಗೆ ಹಾಕಿ. ಅದೂ ತಪ್ಪಿದ್ರೆ ಶೀಟ್ ತಗೊಂಡು ಎಚ್‌ಆರ್ ಹತ್ರ ಹೋಗಿ.

ರಜೆಲಿದ್ದಾಗ ಮೆಸೇಜಿಗೆ ಉತ್ತರ ಕೊಡ್ಬೇಡಿ. ಇದು ಅನುಭವದ ಮಾತು, ಒಂದ್ಸಲ ಮೊದಲ್ನೇ ದಿನ ಒಂದೇ ಒಂದು ಚಿಕ್ಕ ಪ್ರಶ್ನೆಗೆ ಉತ್ತರ ಕೊಟ್ಟೆ, ನಾಲ್ಕನೇ ದಿನದ ಹೊತ್ತಿಗೆ ಮೀಟಿಂಗ್ ಇನ್ವೈಟೇ ಬಂತು. ಆಫೀಸ್ ಆ್ಯಪ್ ಫೋನಿಂದ ತೆಗೆದುಬಿಡಿ, ವಾಪಸ್ ಬಂದ್ಮೇಲೆ ಹಾಕ್ಕೊಂಡ್ರಾಯ್ತು.

ನೀವೇ ಮ್ಯಾನೇಜರ್ ಆಗಿದ್ರೆ ಮೊದ್ಲು ನೀವು ರಜೆ ಹಾಕಿ, ಅದೂ ಎಲ್ರಿಗೂ ಗೊತ್ತಾಗೋ ಹಾಗೆ. ರಜೆ ಎಣಿಸೋದನ್ನ ಬಿಟ್ಟ ಕಂಪನಿಗಳಲ್ಲಿ ನೆಟ್‌ಫ್ಲಿಕ್ಸ್ ಮೊದಮೊದಲಿನದು, ಅದರ ಮುಖ್ಯಸ್ಥರಾಗಿದ್ದ ರೀಡ್ ಹೇಸ್ಟಿಂಗ್ಸ್ ವರ್ಷಕ್ಕೆ 6 ವಾರ ರಜೆ ತಗೋತೀನಿ ಅಂತ ಬಹಿರಂಗವಾಗೇ ಹೇಳ್ತಿದ್ರು. ಮೇಲಿನೋರು ತಗೊಳ್ದೇ ಇದ್ರೆ ಕೆಳಗಿನೋರಿಗೆ ಧೈರ್ಯ ಎಲ್ಲಿಂದ ಬರ್ಬೇಕು? ಮೂರು ತಿಂಗ್ಳಿಗೊಮ್ಮೆ ಟೀಮ್ ಲಿಸ್ಟ್ ನೋಡಿ, ಯಾರು ಒಂದು ವಾರಾನೂ ತಗೊಂಡಿಲ್ವೋ ಅವ್ರನ್ನ ನೀವೇ ಕರ್ದು ತಾರೀಖು ಗೊತ್ತು ಮಾಡ್ಸಿ. ಕೆಲ್ಸದ ಒತ್ತಡಕ್ಕೆ ಹೆಸರಾದ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕ್ ಕೂಡ 2022ರಲ್ಲಿ ಹಿರಿಯ ಅಧಿಕಾರಿಗಳಿಗೆ ರಜೆ ಮಿತಿ ತೆಗೆದಾಗ, ಮುಂದಿನ ವರ್ಷದಿಂದ ಎಲ್ರೂ ಕನಿಷ್ಠ 15 ದಿನ ತಗೊಳ್ಳಲೇಬೇಕು ಅಂತ ಸೇರಿಸ್ತು. ಮೇಲ್ಮಿತಿ ತೆಗೆಯೋದ್ರ ಜೊತೆ ಕೆಳಮಿತಿ ಹಾಕಿದ್ರೇನೇ ಈ ಪಾಲಿಸಿಗೆ ಅರ್ಥ ಅಂತ ನನ್ನ ಗಟ್ಟಿ ಅಭಿಪ್ರಾಯ.

ಕೆಲ್ಸ ಬಿಡೋ ಯೋಚ್ನೆ ಇದ್ರೆ ಮೊದ್ಲು ರಜೆ ಮುಗಿಸಿ, ಆಮೇಲೆ ರಾಜೀನಾಮೆ ಕೊಡಿ. ನೋಟಿಸ್ ಪೀರಿಯಡ್‌ನಲ್ಲಿ ರಜೆ ಕೇಳಿದ್ರೆ ಕೊಡೋದು ಕಷ್ಟ. ನಾನು ಆ ಕಂಪನಿ ಬಿಟ್ಟಾಗ ಫೈನಲ್ ಸೆಟಲ್‌ಮೆಂಟ್ ಹಾಳೇಲಿ ಲೀವ್ ಎನ್‌ಕ್ಯಾಶ್‌ಮೆಂಟ್, ಅಂದ್ರೆ ಉಳಿದ ರಜೆಗೆ ಕೊಡೋ ದುಡ್ಡು, ಅನ್ನೋ ಸಾಲಿನ ಮುಂದೆ ಸೊನ್ನೆ ಇತ್ತು, ಆ 9 ದಿನದ ವರ್ಷಕ್ಕೂ ಸೇರಿಸಿ.