ದೂರು ಕೊಡಿ, ಆದರೆ ಫೋನ್ ಕೈಬಿಡುವ ಮುಂಚೆ ಇಷ್ಟು ನೋಡಿಕೊಳ್ಳಿ

ನಮ್ಮ ಅತ್ತಿಗೆಗೆ ಯುಪಿಐಯಲ್ಲಿ ಮೋಸ ಆಯಿತು. ಗಾಬರಿಯಲ್ಲಿ ಮೆಸೇಜ್ ಪ್ರಿಂಟ್ ತೆಗೆಸಲು ತುಮಕೂರಿನ ಒಂದು ಮೊಬೈಲ್ ಅಂಗಡಿಗೆ ಫೋನ್ ಕೊಟ್ಟಿದ್ದರು. ನಾನು ಹೋಗಿ ನೋಡಿದರೆ ಅಂಗಡಿ ಹುಡುಗ ಗ್ಯಾಲರಿ ತೆರೆದು ಮಗಳ ಹಾಸ್ಟೆಲ್ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಿದ್ದ. ಬೇಕಿದ್ದದ್ದು ಮೂರೇ ಮೆಸೇಜ್! ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸ್ಕ್ರೀನ್‌ಶಾಟ್ ನೀವೇ ತೆಗೆಯಿರಿ, ನಂಬರು, ತಾರೀಖು ಕಾಣಲಿ. ಮೂಲ ಮೆಸೇಜ್ ಅಳಿಸಬೇಡಿ. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ.

ಫೋನ್ ಜಪ್ತಿ ಮಾಡಿದರೆ ಮಹಜರು ಓದದೆ ಸಹಿ ಹಾಕಬೇಡಿ. ಮಾಡೆಲ್, ಸಿಮ್, ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ) ನಂಬರು ಅದರಲ್ಲಿ ಇರಬೇಕು. *#06# ಒತ್ತಿದರೆ ಐಎಂಇಐ ಬರುತ್ತೆ, ಬರೆದಿಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಾಯ್ದೆಯ 105ನೇ ಸೆಕ್ಷನ್ ಪ್ರಕಾರ ಶೋಧ, ಜಪ್ತಿ ಎರಡನ್ನೂ ವಿಡಿಯೋ ಮಾಡಬೇಕು.

ಈಗ ಮುಖ್ಯ ವಿಷಯ. ‘ಸಾರ್, ಈ ಮೂರು ಮೆಸೇಜ್ ಸಾಕಾ, ಇಲ್ಲಾ ಪೂರ್ತಿ ಫೋನ್ ಕಾಪಿ ಮಾಡ್ತೀರಾ?’ ಅಂತ ಕೇಳಿ, ಸಂಕೋಚ ಬೇಡ. ಪೂರ್ತಿ ಕಾಪಿ ಅಂದರೆ ನಿಮ್ಮದಷ್ಟೇ ಅಲ್ಲ, ಗೆಳತಿ ಅತ್ತುಕೊಂಡು ಕಳಿಸಿದ ವಾಯ್ಸ್ ಮೆಸೇಜು, ಅಪ್ಪನ ಸ್ಕ್ಯಾನಿಂಗ್ ರಿಪೋರ್ಟು, ಕೆಲವು ಸಲ ನೀವು ಅಳಿಸಿದ ಫೋಟೋ ಕೂಡ ಅದರೊಳಗೆ ಹೋಗುತ್ತೆ. ಅವರನ್ನೆಲ್ಲಾ ಯಾರೂ ಕೇಳಿರಲ್ಲ ಅಲ್ವಾ? ಕಾಪಿ ಮಾಡಿದಾಗ ಹ್ಯಾಶ್ ಅಂತ ಒಂದು ಉದ್ದದ ನಂಬರು ಬರುತ್ತೆ. ಒಂದಕ್ಷರ ಬದಲಾದರೂ ಆ ನಂಬರು ಬೇರೆಯಾಗುತ್ತೆ. ಡಿಜಿಟಲ್ ಸಾಕ್ಷ್ಯದ ಜೊತೆ ಕೋರ್ಟಿಗೆ ಕೊಡುವ, ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ನಿನ ಸರ್ಟಿಫಿಕೇಟಿನಲ್ಲಿ ಅದನ್ನು ನಮೂದಿಸಬೇಕು. ಆದರೆ ಹ್ಯಾಶ್ ಹೇಳುವುದು ಫೈಲ್ ಬದಲಾಗಿಲ್ಲ ಅಂತ ಮಾತ್ರ. ಯಾರ್ಯಾರು ತೆರೆದು ನೋಡಿದರು ಅಂತ ಅದು ಹೇಳಲ್ಲ. ಅದಕ್ಕೇ 2021ರಲ್ಲಿ ನಮ್ಮ ಹೈಕೋರ್ಟ್ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಹೇಳಿದ್ದನ್ನು ನೆನಪಿಡಿ: ಕೋರ್ಟಿನ ಲಿಖಿತ ಅನುಮತಿ ಇಲ್ಲದೆ ತನಿಖಾಧಿಕಾರಿ ಈ ಮಾಹಿತಿಯನ್ನು ಮೂರನೆಯವರಿಗೆ ಕೊಡುವಂತಿಲ್ಲ. ಬೇಕಿರುವ ಮೆಸೇಜ್ ಯಾವುದು, ಯಾವ ತಾರೀಖಿನದು ಅಂತ ದೂರಿನಲ್ಲೇ ಬರೆದುಬಿಡಿ.

ಪಿನ್ ಬರೆದ ಚೀಟಿಯನ್ನು ಫೋನಿನ ಹಿಂದೆ ಅಂಟಿಸಲು ಬಿಡಬೇಡಿ, ದಯವಿಟ್ಟು. ನಿಮ್ಮ ಮೇಲೇ ಆರೋಪ ಇದ್ದರೆ ಪಿನ್ ಹೇಳುವ ಮುಂಚೆ ವಕೀಲರನ್ನು ಕೇಳಿ. ಮನೆಗೆ ಬಂದ ಮೇಲೆ ಬೇರೆ ಫೋನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಾಯಿಸಿ. ಜಪ್ತಿಯಾದ ಫೋನನ್ನು ದೂರದಿಂದ ಅಳಿಸಲು ಮಾತ್ರ ಹೋಗಬೇಡಿ, ಸಾಕ್ಷ್ಯ ನಾಶದ ಕೇಸ್ ನಿಮ್ಮ ಮೇಲೇ ಬರಬಹುದು.

ವಾಪಸ್ ಬೇಕಾದರೆ ವಕೀಲರ ಮೂಲಕ ಕೋರ್ಟಿಗೆ ಅರ್ಜಿ ಹಾಕಿ. ಫೋನ್ ಕೈಗೆ ಬಂದಾಗ ಬರೆದಿಟ್ಟ ಐಎಂಇಐ ತಾಳೆ ನೋಡಿ, ಆಮೇಲೆ ಸಹಿ ಹಾಕಿ.